ಮೂಡಣದಿಂದ ಬರಬೇಕಾಗಿದ್ದ ವರ

ಗೋಕಾಕದ ಬಸ್ ನಿಲ್ದಾಣದ ಎದುರಿನ ಕಂಬಕ್ಕೆ ಕಟ್ಟುವ ಪ್ರಾರ್ಥನಾಕೂಟದ ಬ್ಯಾನರುಗಳಲ್ಲಿ ಬೋಧಕರ ಹೆಸರು ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತ, ಹೆಸರಿನ ಮುಂದಿನ ಬಿರುದು ದೊಡ್ಡದಾಗುತ್ತ ಬಂದಿರುವುದನ್ನು ನೀವೂ ಗಮನಿಸಿರಬಹುದು. ನಾನು ಚಿಕ್ಕವನಿದ್ದಾಗ ಬರುತ್ತಿದ್ದವರೆಲ್ಲ ಬರೀ ಸಹೋದರರು. ಕ್ರಮೇಣ ಸಹೋದರರು ಪಾಸ್ಟರರಾದರು, ಪಾಸ್ಟರರು ರೆವರೆಂಡರಾದರು. ಈಗಂತೂ ಪ್ರವಾದಿಗಿಂತ ಕೆಳಗಿನವರು ಬ್ಯಾನರು ಏರುವುದೇ ಇಲ್ಲ, ಪ್ರವಾದಿಯ ಪಕ್ಕದಲ್ಲಿ, ಯೇಸುವಿನ ಶಿಷ್ಯರ ಬಿರುದನ್ನೇ ಹೊತ್ತ ಕಪ್ಪು ಕನ್ನಡಕದ ಅಪೊಸ್ತಲರೊಬ್ಬರು ಇದ್ದೇ ಇರುತ್ತಾರೆ. ಬಸ್ಸಿಗೆ ಕಾಯುತ್ತ ಇವನ್ನೆಲ್ಲ ಓದುವುದು ನಿವೃತ್ತ ಕನ್ನಡ ಮಾಸ್ತರನಾದ ನನಗೆ ಉಳಿದಿರುವ ಏಕಮಾತ್ರ ವ್ಯಾಸಂಗ.

ನಮ್ಮ ಪುಟ್ಟ ಕ್ರೈಸ್ತ ಸಭೆಗೆ ನಾನು ಹಿರಿಯ ಎಂಬ ಒಂದೇ ಅಪರಾಧಕ್ಕಾಗಿ ಕಂಡಕಂಡವರು ನನ್ನನ್ನು ನಿಲ್ಲಿಸಿ, "ಸರ್, ಈಗಿನ ಕಾಲದಾಗ ಖರೇನ ಪ್ರವಾದಿಗೋಳು ಅದಾರೇನ್ರಿ?" ಎಂದು ಕೇಳುತ್ತಾರೆ. ಉತ್ತರಿಸಿ ಉತ್ತರಿಸಿ ನನ್ನ ನಾಲಗೆ ಸವೆದಿದೆ. ಒಂದು ಪಕ್ಷದವರ ಪ್ರಕಾರ ಅಪೊಸ್ತಲರೂ ಪ್ರವಾದಿಗಳೂ ಸಭೆಯೆಂಬ ಮನೆಯ ಅಡಿಪಾಯ. ಅಡಿಪಾಯವನ್ನು ಒಮ್ಮೆ ಹಾಕುತ್ತಾರೆ, ಮಾಳಿಗೆ ಎದ್ದ ಮೇಲೆ ಯಾರೂ ಮತ್ತೆ ನೆಲ ಅಗೆಯುವುದಿಲ್ಲ. ಇನ್ನೊಂದು ಪಕ್ಷದವರು, ಕೊಟ್ಟ ಪ್ರವಾದನೆಯ ಕೃಪಾದಾನವನ್ನು ದೇವರು ಹಿಂದಕ್ಕೆ ಕಸಿದುಕೊಂಡನೆಂದು ಎಲ್ಲಿದೆ ತೋರಿಸಿ ಎನ್ನುತ್ತಾರೆ. ಇಬ್ಬರ ಬಳಿಯೂ ವಾಕ್ಯಗಳಿವೆ, ಇಬ್ಬರ ಧ್ವನಿಯೂ ಜೋರು. ಬೆಳಗ್ಗೆ ಇವರಿಗೆ, ಸಂಜೆ ಅವರಿಗೆ ತಲೆಯಾಡಿಸಿ ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿದೆ. ಅಸಲಿಗೆ ಈ ವಿಷಯದಲ್ಲಿ ನನಗೆ ಸ್ವಾನುಭವವೇ ಇತ್ತು. ಅದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಹೊರಗಿನಿಂದ ಬಂದ ಬೋಧಕರು ಹಿಂದಿಯಲ್ಲಿ ಒಂದು ಮಾತು ಹೇಳಿ ನಿಲ್ಲುತ್ತಾರೆ. ಪಕ್ಕದಲ್ಲಿ ನಿಂತ ಅನುವಾದಕ ಅದನ್ನು ಅಷ್ಟೇ ಎತ್ತರದ ಸ್ವರದಲ್ಲಿ, ಅಷ್ಟೇ ಕೈಬೀಸಿ ಕನ್ನಡಕ್ಕೆ ತರಬೇಕು. ಅವರು ಜಿಗಿದರೆ ಇವನೂ ಜಿಗಿಯಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕೂಟಗಳಿಗೆಲ್ಲ ಈ ಕೆಲಸಕ್ಕೆ ನಾನೇ ಖಾಯಂ. ನನ್ನ ದೌರ್ಬಲ್ಯವೆಂದರೆ ಅಲಂಕಾರ. ಅವರು ಐದು ಪದ ಕೊಟ್ಟರೆ ನಾನು ಹದಿನೈದು ಮಾಡಿ ಹಂಚುತ್ತಿದ್ದೆ, ಜನ ಬೋಧಕರಿಗಿಂತ ನನ್ನನ್ನೇ ಹೊಗಳುತ್ತಿದ್ದರು, ನಾನು ವಿನಯದಿಂದ ಉಬ್ಬುತ್ತಿದ್ದೆ.

ನಾಲ್ಕು ವರ್ಷದ ಹಿಂದೆ ಮೂಡಲಗಿಯಲ್ಲಿ ನನ್ನ ತಂಗಿ ಸುಲೋಚನಾಳ ಅಂಗಳದಲ್ಲಿ ಒಂದು ಕೂಟ ನಡೆಯಿತು. ಗಂಡನಿಲ್ಲದ ಅವಳಿಗೆ ಒಬ್ಬಳೇ ಮಗಳು, ಎಸ್ತೇರ. ಅವಳ ಮದುವೆಗಾಗಿ ಪ್ರಾರ್ಥಿಸಿರೆಂದು ತಂಗಿ ಕೇಳಿಕೊಂಡಳು. ಬಂದಿದ್ದ ಪ್ರವಾದಿ ಹುಡುಗಿಯ ತಲೆಯ ಮೇಲೆ ಕೈಯಿಟ್ಟು, ನನ್ನ ಕಿವಿಗಷ್ಟೇ ಬೀಳುವಂತೆ ಹಿಂದಿಯಲ್ಲಿ ಒಂದು ಸಾದಾ ಮಾತು ಹೇಳಿದರು. ಅದು ನನಗೆ ತೀರ ಸಪ್ಪೆಯೆನಿಸಿತು. "ಮೂಡಣದಲ್ಲಿ ಅರುಣೋದಯವಾಗುವಂತೆ ನಿನ್ನ ವರನು ಮೂಡಣ ದಿಕ್ಕಿನಿಂದಲೇ ಬರುವನು, ಅಲ್ಲಿಯವರೆಗೆ ಕಾದಿರು!" ಎಂದು ನಾನು ಗರ್ಜಿಸಿದೆ. ದಿಕ್ಕೂ ನನ್ನದೇ, ವರನೂ ನನ್ನವನೇ, ಕಾಯುವ ಅಪ್ಪಣೆಯೂ ನನ್ನದೇ. ಅಂಗಳವೆಲ್ಲ ಆಮೆನ್ ಎಂದಿತು. ಕನ್ನಡ ಬಾರದ ಪ್ರವಾದಿಯೂ ಎಲ್ಲರಿಗಿಂತ ಜೋರಾಗಿ ಆಮೆನ್ ಎಂದರು.

ಮೂಡಲಗಿಗೆ ಬರುವ ವರರೆಲ್ಲ ಪಡುವಣದವರೇ ಆಗಬೇಕೆ! ಯಮಕನಮರಡಿಯ ಲಾರಿ ಮಾಲಕ, ಬೆಲ್ಲದ ಬಾಗೇವಾಡಿಯ ಶಿಕ್ಷಕ, ಕೊಲ್ಹಾಪುರದ ಗುಮಾಸ್ತ, ಎಲ್ಲರನ್ನೂ ತಂಗಿ ದಿಕ್ಕು ನೋಡಿಯೇ ಕೈಮುಗಿದು ಕಳಿಸಿದಳು. ಮೂಡಣದ ಮುಧೋಳದಿಂದ ಬಂದವನು ಒಬ್ಬನೇ. ಅವನಿಗೆ ಶಾವಿಗೆ ಪಾಯಸ ಬಡಿಸಿ, ಕುಲಗೋತ್ರ ವಿಚಾರಿಸಿ, ಮಗಳಿಗೆ ಸೀರೆ ಬದಲಿಸಲು ಹೇಳುವಷ್ಟರಲ್ಲಿ ಆ ಪುಣ್ಯಾತ್ಮ ಚೀಲದಿಂದ ವಿಮೆಯ ಅರ್ಜಿ ತೆಗೆದ. ನೀವು ನಗಬಹುದು, ನಾನೂ ನಕ್ಕಿದ್ದೆ. ಆದರೆ ಯಮಕನಮರಡಿಯವನು ವಾಪಸು ಹೋದ ದಿನವೇ ನನ್ನ ತಪ್ಪು ನನಗೆ ಗೊತ್ತಾಗಿತ್ತು. ಅಂದೇ ಹೇಳಬೇಕಿತ್ತು. ದೇವರ ಹೆಸರಿನಲ್ಲಿ ತನ್ನ ಮಾತು ತುರುಕಿದ ಹಿರಿಯ ಎನ್ನಿಸಿಕೊಳ್ಳಲು ನಾಚಿಕೆಯಾಗಿ ಸುಮ್ಮನಾದೆ. ಒಮ್ಮೆ ಸುಮ್ಮನಾದ ಮೇಲೆ ಬಾಯಿ ಬಿಡುವುದು ಇನ್ನೂ ಕಷ್ಟವಾಯಿತು. ಹೇಡಿತನವೆನ್ನಿ, ನಾನು ವಾದಿಸುವುದಿಲ್ಲ.

ಎಸ್ತೇರ ಈಗ ಹುಕ್ಕೇರಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಅಲ್ಲೇ ರಕ್ತ ಪರೀಕ್ಷೆ ಮಾಡುವ ಸಂಕೇಶ್ವರದ ಹುಡುಗನೊಬ್ಬ ಅವಳನ್ನು ಮೆಚ್ಚಿದ, ಇವಳೂ ಮೆಚ್ಚಿದಳು. ತಾಯಿ ಮಾತ್ರ, ಸಂಕೇಶ್ವರ ಪಡುವಣ ಎಂದು ಪಟ್ಟು ಹಿಡಿದಳು. ಮೊನ್ನೆ ಹುಡುಗಿ ನನಗೆ ಫೋನು ಮಾಡಿದಳು. "ಮಾಮಾ, ನೀವರ ಅವ್ವಗ ಒಂದ್ ಮಾತ ಹೇಳ್ರಿ. ಈ ರವಿವಾರ ದಾಟಿದ್ರ ಅವರ ಮನಿಯವರು ಬ್ಯಾರೆ ಕಡೆ ನೋಡ್ತಾರಂತ. ನನಗ ಕಾದು ಕಾದು ಸಾಕಾಗೇತ್ರಿ."

ಶನಿವಾರ ಮೂಡಲಗಿಯ ಬಸ್ಸು ಹತ್ತಿದೆ. ತಂಗಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು, ರಜೆಗೆ ಬಂದಿದ್ದ ಎಸ್ತೇರ ಬಾಗಿಲಲ್ಲಿ ನಿಂತಿದ್ದಳು. ದಾರಿಯುದ್ದಕ್ಕೂ ಹೆಣೆದಿದ್ದ ಪೀಠಿಕೆಯೆಲ್ಲ ಮರೆತುಹೋಗಿ, "ಮೂಡಣ ಅಂದಾಂವ ನಾನವ್ವಾ. ಆ ಪ್ರವಾದಿ ಹಂಗ ಅಂದ ಇರಲಿಲ್ಲ, ನಾನ ಕೂಡಿಸಿ ಹೇಳಿದ್ದು," ಎಂದುಬಿಟ್ಟೆ.

ತಂಗಿ ನನ್ನನ್ನೇ ನೋಡಿದಳು. "ನಾಕ್ ವರ್ಷ ಬಾಯಾಗ ಕಡಬ ಇಟ್ಕೊಂಡಿದ್ದೇನೋ ಅಣ್ಣಾ?"

ಪ್ರವಾದಿಗಳು ಇಂದಿಗೂ ಇದ್ದಾರೆಯೇ ಎಂಬುದನ್ನು ಪಂಡಿತರು ಇತ್ಯರ್ಥ ಮಾಡಲಿ. ಇಲ್ಲದ ಪ್ರವಾದಿಯಾಗುವುದು ಎಷ್ಟು ಸುಲಭ, ಅದರಿಂದ ಕೆಳಗಿಳಿಯುವುದು ಎಷ್ಟು ಕಷ್ಟ ಎಂಬುದಷ್ಟೇ ನನಗೆ ತಿಳಿದಿರುವ ದೇವಜ್ಞಾನ. ತಂಗಿ ಮಗಳ ಕಡೆ ತಿರುಗಿ, "ಹೋಗವ್ವಾ, ಸಂಕೇಶ್ವರಕ್ಕ ಫೋನ್ ಹಚ್ಚು. ನಾಳಿ ಬರ್ರಿ ಅನ್ನು," ಎಂದಳು. ಹುಡುಗಿ ಅಂಗಳಕ್ಕೆ ಓಡಿದಳು.

ತಂಗಿ ಮತ್ತೆ ಶೇಂಗಾ ಸುಲಿಯತೊಡಗಿದಳು. ಹಾಗೇ ತಲೆಯೆತ್ತದೆ ಕೇಳಿದಳು: "ಹಂಗಾದ್ರ ಅವತ್ತ ಅವರು ಖರೇ ಏನಂದಿದ್ರು?"

"ದೇವರು ನಿನ್ನ ಮರತಿಲ್ಲ ಮಗಳ, ಅಂದಿದ್ರು. ಅಷ್ಟ."

ಸುಲೋಚನಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಷ್ಟ ಸಾಕಿತ್ತಲ್ಲೋ ಅಣ್ಣಾ ನಮಗ," ಎಂದಳು.