ಹಾಸಿಗೆಯಲ್ಲಿ ಉಬ್ಬಿದ ಹಿಟ್ಟು

ಯೆರ್ಕೊ ಬಾರ್ರಿಯಾನ ಕೆಲಸ ಹಿಮ ಅಗೆಯುವುದು. ಅಂಟಾರ್ಕ್ಟಿಕಾದ ಶಿಬಿರದಲ್ಲಿ ಅದನ್ನು ಅಗೆದು, ಹೊತ್ತು, ಕರಗಿಸಿ ಹದಿನೆಂಟು ಜನರಿಗೆ ನೀರು ಒದಗಿಸಬೇಕು. ಕಣ್ಣು ಹಾಯುವಷ್ಟು ದೂರವೂ ಹಿಮವೇ ಇರುವ ಕಡೆ ಹಿಮ ಹೊರುವುದಕ್ಕೆ ಸಂಬಳ ಎಣಿಸುವವನು ತಾನೊಬ್ಬನೇ ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ಅವನ ಊರಾದ ಪುಂಟಾ ಅರೇನಾಸ್‌ನಲ್ಲಿ ತಾಯಿ ಮಾತ್ರ, ಮಗ ವಿಜ್ಞಾನಿಗಳ ಜೊತೆ ಇದ್ದಾನೆ ಎಂದು ಕೇರಿಗೆಲ್ಲ ಸಾರಿದ್ದಳು.

ಅವನ ಆಸೆಯೆಲ್ಲ ಅಡುಗೆಮನೆಯ ಮೇಲೆ. ಎಲ್ಲರೂ ಗೌರವದಿಂದ 'ಡೋನ್ಯಾ' ಎಂದು ಕರೆಯುತ್ತಿದ್ದ ಅಡುಗೆಯ ನೋಲ್ಫಾಗೆ ಮುಂದಿನ ಬೇಸಿಗೆಗೆ ಒಬ್ಬ ಸಹಾಯಕ ಬೇಕಾಗಿತ್ತು.

"ಭಾನುವಾರ ಎಲ್ರಿಗೂ ರಜಾ. ಸಂಜೆ ಚಹಾಕ್ಕೆ ಬನ್ನು ನೀನೇ ಮಾಡು. ತಿನ್ನೋ ಹಾಗಿದ್ರೆ ಮೇಲಿನವ್ರಿಗೆ ನಿನ್ನ ಹೆಸ್ರು ಹೇಳ್ತೀನಿ. ಕಲ್ಲಾಗಿದ್ರೆ ಸಲಿಕೆ ಇದ್ದೇ ಇದೆಯಲ್ಲ," ಎಂದಿದ್ದರು ಆಕೆ.

ಭಾನುವಾರ ಮೋಡ, ಗಾಳಿ. ಊಟದ ಡೇರೆಯಲ್ಲಿ ಇಸ್ಪೀಟು ನಡೆದಿತ್ತು. ಮೆಕ್ಯಾನಿಕ್ ಲಾದಿಸ್ಲಾವೊ ಯಾರದೋ ತಲೆಗೂದಲು ಕತ್ತರಿಸುತ್ತಿದ್ದ. ಯೆರ್ಕೊ ಬೆಳಿಗ್ಗೆಯೇ ಹಿಟ್ಟು ನಾದಿಟ್ಟಿದ್ದ. ಆದರೆ ತಿಂಡಿ, ಊಟ ಮುಗಿದೊಡನೆ ಇಂಧನ ಉಳಿಸಲೆಂದು ಒಲೆ ಆರಿಸುವುದು ಶಿಬಿರದ ನಿಯಮ. ಆ ಚಳಿಗೆ ಮಧ್ಯಾಹ್ನವಾದರೂ ಹಿಟ್ಟು ಮುನಿಸಿಕೊಂಡ ನೆಂಟನಂತೆ ಪಾತ್ರೆಯ ತಳದಲ್ಲೇ ಕೂತಿತ್ತು.

ಹೆಪ್ಪುಗಟ್ಟಬಾರದ ಎಲ್ಲವೂ ಅಲ್ಲಿ ಮಲಗುವ ಚೀಲದೊಳಗೆ ಸೇರುತ್ತವೆ: ಬ್ಯಾಟರಿ, ಒದ್ದೆ ಕಾಲುಚೀಲ, ಹಲ್ಲುಜ್ಜುವ ಪೇಸ್ಟು. ಹಿಟ್ಟೇನು ಪಾಪ ಮಾಡಿತ್ತು? ಯೆರ್ಕೊ ಪಾತ್ರೆಗೆ ಶುಭ್ರ ಬಟ್ಟೆ ಕಟ್ಟಿ, ಮಲಗುವ ಡೇರೆಗೆ ಒಯ್ದು, ಅದನ್ನು ಚೀಲದೊಳಗೆ ಎಳೆದುಕೊಂಡು, ಹೊಟ್ಟೆಗೆ ಅವುಚಿ ಮಲಗಿದ. ಕಾವು ಕೊಡುವ ಕೋಳಿಗೆ ನಿದ್ದೆ ಬರುವುದಿಲ್ಲ. ಇವನಿಗೆ ಬಂತು.

ಎಚ್ಚರವಾದಾಗ ಡೇರೆಯ ಬಾಗಿಲಲ್ಲಿ ಲಾದಿಸ್ಲಾವೊ ನಿಂತಿದ್ದ. "ಡೋನ್ಯಾ, ಬೇಗ ಬನ್ನಿ! ಹುಡುಗ ಹೆತ್ತಿದಾನೆ!"

ಹಿಟ್ಟು ಬಟ್ಟೆಯನ್ನು ತಳ್ಳಿಕೊಂಡು ಹೊರಬಿದ್ದು ಅಂಗಿಗೂ ಚೀಲದ ಜಿಪ್ಪಿಗೂ ಮೆತ್ತಿಕೊಂಡಿತ್ತು. ಯೆರ್ಕೊ ಏಳಲು ನೋಡಿದರೆ ಚೀಲವೂ ಜೊತೆಗೇ ಎದ್ದಿತು.

"ಅಲ್ಲಾಡ್ಬೇಡ ಬಾಣಂತಿ," ಎಂದ ಲಾದಿಸ್ಲಾವೊ.

ಓಡಿ ಬಂದ ನೋಲ್ಫಾ ನಗಲಿಲ್ಲ. ಚೆಲ್ಲಿದ್ದನ್ನು ಕೆರೆದು ಎಸೆದರು. ಪಾತ್ರೆಯಲ್ಲಿ ಉಳಿದದ್ದನ್ನು ಬೆರಳಿಂದ ಒತ್ತಿ ನೋಡಿದರು. ಒತ್ತಿದ ಕುಳಿ ಮೆಲ್ಲಗೆ ಮೇಲೆದ್ದಿತು. ಅಡುಗೆಮನೆಗೆ ಹೋಗಿ ಒಲೆ ಹಚ್ಚಿದರು. ಸಲಿಕೆಯೇ ಗತಿ ಎಂದುಕೊಂಡು ಯೆರ್ಕೊ ಉಂಡೆ ಕಟ್ಟಿದ.

ಆದದ್ದು ಹದಿನಾಲ್ಕೇ ಬನ್ನು. ಮುರಿದು ಹಂಚಬೇಕಾಯಿತು. ಬೆಣ್ಣೆ ಸವರಿದ ಬಿಸಿ ತುಂಡು ಬಾಯಿಗೆ ಹೋಗುತ್ತಲೇ ಇಸ್ಪೀಟು ನಿಂತಿತು. ಲಾದಿಸ್ಲಾವೊ ಖಾಲಿ ತಟ್ಟೆ ಚಾಚಿದ. "ಅವಳಿ ಹೆರ್ಬಾರ್ದಿತ್ತೇನೋ?"

ನೋಲ್ಫಾ ಯೆರ್ಕೊನ ಕಡೆ ತಿರುಗಿದರು. "ಮುಂದಿನ ಭಾನುವಾರ ಎರಡು ಪಾತ್ರೆ. ಇನ್ನೊಂದನ್ನ ನನ್ನ ಚೀಲದಲ್ಲಿಡು. ನಾನಂತೂ ನಿದ್ದೆ ಮಾಡಲ್ಲ."

"ಅಂದ್ರೆ... ಮುಂದಿನ ಬೇಸಿಗೆ?"

"ಹೆಸ್ರು ಹೇಳ್ತೀನಿ ಅಂದಿದ್ನಲ್ಲ, ಹೇಳ್ತೀನಿ. ಮೊದ್ಲು ಆ ಚೀಲ ತೊಳಿ, ಗಲೀಜು ಹುಡ್ಗ."

ತೊಳೆಯಲು ನೀರು ಬೇಕು, ನೀರಿಗೆ ಹಿಮ ಬೇಕು. ಯೆರ್ಕೊ ರಜೆಯ ದಿನವೂ ಸಲಿಕೆ ಹೆಗಲಿಗೇರಿಸಿ ಹೊರಟ. ಅಂಗಿಯ ಮೇಲಿನ ಹಿಟ್ಟು ಆಗಲೇ ಒಣಗಿ ಚಕ್ಕೆ ಏಳುತ್ತಿತ್ತು. ಅವನು ಸಿಳ್ಳೆ ಹಾಕುತ್ತಿದ್ದ.