ಮಾವ ಊದಿದ ಉಸಿರು

ಮಾವನ ಕೆಳತುಟಿ ಸದಾ ಒಡೆದೇ ಇರುತ್ತಿತ್ತು. ಅದಕ್ಕೆ ಕುರಿಯ ಕೂದಲು ಅಂಟಿಕೊಂಡಿದ್ದರೂ ಅವನಿಗೆ ಅರಿವಿರುತ್ತಿರಲಿಲ್ಲ. ಹುಟ್ಟಿದ ಮರಿ ಮಿಸುಕದಿದ್ದರೆ ಅದರ ಮೂಗಿಗೆ ಬಾಯಿಟ್ಟು ಉಸಿರೂದುವುದು ಅವನ ರೂಢಿ. ಕೋಗಳಿಯ ಹತ್ತಿರ ಕುರಿ ಹಟ್ಟಿಯಲ್ಲೇ ಹುಟ್ಟಿದ ನಾನು ಅಳಲಿಲ್ಲವಂತೆ. ಅವ್ವನ ತಮ್ಮನಾದ ಇವನು ನನಗೂ ಹಾಗೇ ಊದಿದನಂತೆ. “ಇಕಿ ನಾ ಊದಿ ಎಬ್ಬಿಸಿದ ಮರಿ” ಎಂದು ಕಂಡವರ ಮುಂದೆಲ್ಲ ಹೇಳಿ ನನ್ನ ಮಾನ ಕಳೆಯುತ್ತಿದ್ದ.

ಓದು ಮುಗಿಸಿ ನಾನು ಜಾನುವಾರುಗಳ ರೋಗ ಪತ್ತೆಮಾಡುವ ಪ್ರಯೋಗಾಲಯ ಸೇರಿದೆ. ಸತ್ತ ದನ, ಕುರಿಗಳ ಮಿದುಳು, ಯಕೃತ್ತುಗಳ ಚೂರು ಪರೀಕ್ಷಿಸುವುದು ನನ್ನ ಕೆಲಸ. ಸತ್ತದ್ದನ್ನು ನೋಡಲು ಅಷ್ಟು ಓದಬೇಕಿತ್ತೇ, ಎಬ್ಬಿಸುವುದನ್ನು ಕಲಿಯಬಾರದಿತ್ತೇ ಎಂದು ಮಾವ ಕಾಡುತ್ತಿದ್ದ.

ಹೋದ ವರ್ಷ ಕುರಿಗಳ ಕೂದಲು ಕತ್ತರಿಸಿದ ಮರುದಿನ, ಮೈಗಂಟಿ ರಕ್ತ ಹೀರುವ ಉಣುಗು ಹೋಗಲೆಂದು, ಮಾವ ಮೆಕ್ಕೆಜೋಳಕ್ಕೆ ಹೊಡೆದು ಉಳಿದಿದ್ದ ಕೀಟನಾಶಕವನ್ನು ನೀರಿಗೆ ಬೆರೆಸಿ ಬರಿಗೈಯಲ್ಲಿ ಅವುಗಳ ಮೈಗೆಲ್ಲ ಉಜ್ಜಿದ. ಕತ್ತರಿ ತಾಗಿದ ಗಾಯಗಳು ಇನ್ನೂ ಹಸಿಯಾಗಿದ್ದವು. ಮಧ್ಯಾಹ್ನ ಅವನ ಫೋನು ಬಂತು.

“ಕುರಿ ಜೊಲ್ಲು ಸುರಿಸಿ ನಡುಗಾಕತ್ಯಾವ. ಊದಿದ್ರೂ ಏಳವಲ್ವು.”

“ಬಾಯಿ ಹಚ್ಚಬ್ಯಾಡ ಮಾವ, ವಿಷ ನಿನಗೂ ಏರ್ತೈತಿ. ಮೈಮ್ಯಾಲಿನ ಅರಿವಿ ಬಿಚ್ಚಿ ಒಗಿ, ಮೈ ತೊಳ್ಕೊ.”

“ಉಸಿರು ಕೊಡದ ಹ್ಯಾಂಗ ಬಿಡ್ಲಿ?” ಎಂದು ಫೋನಿಟ್ಟುಬಿಟ್ಟ.

ನರದ ಸಂದೇಶ ಸ್ನಾಯುವಿಗೆ ಮುಟ್ಟಿದೊಡನೆ ಅದನ್ನು ಅಳಿಸುವ ಕಿಣ್ವವೊಂದಿದೆ. ಈ ವಿಷ ಆ ಕಿಣ್ವವನ್ನೇ ಹಿಡಿದು ಕೂರುತ್ತದೆ. ಆಮೇಲೆ ಜೊಲ್ಲು ನಿಲ್ಲುವುದಿಲ್ಲ, ನಡುಕ ನಿಲ್ಲುವುದಿಲ್ಲ, ಕೊನೆಗೆ ಉಸಿರೆಳೆಯುವ ಸ್ನಾಯುಗಳೇ ಸೋಲುತ್ತವೆ. ಕುರಿಗೂ ಅಷ್ಟೇ, ಮನುಷ್ಯನಿಗೂ ಅಷ್ಟೇ. ಇದನ್ನೆಲ್ಲ ಬಲ್ಲ ನಾನು ಬಸ್ಸಿನಲ್ಲಿ ಕೂತು ಸುಮ್ಮನೆ ಅಳುತ್ತಿದ್ದೆ.

ಮಾವನೂ ಬಿದ್ದನೆಂದು ದಾರಿಯಲ್ಲೇ ಫೋನು ಬಂತು. ನಾನು ಹೊಸಪೇಟೆಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವನನ್ನು ಅಲ್ಲಿಗೆ ತಂದಿದ್ದರು. ಮಂದೆಯ ಅರ್ಧದಷ್ಟು ಕುರಿಗಳು ಸತ್ತಿದ್ದವು. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಡುತ್ತಲೇ ಇದ್ದರು. ಒಮ್ಮೆ ಕಣ್ಣು ತೆರೆದ.

“ಎದ್ದುವೇನವ್ವಾ?”

“ಎಲ್ಲಾ ಎದ್ದು ಮೇಯಾಕತ್ಯಾವ ಮಾವ” ಎಂದೆ. ಅವನು ನಂಬಿದನೋ ಇಲ್ಲವೋ, ಒಡೆದ ತುಟಿ ಸ್ವಲ್ಪ ಅಗಲವಾಯಿತು.

ಬೆಳಗಾಗುವಷ್ಟರಲ್ಲಿ ಅವನ ಎದೆ ಏಳುವುದು ನಿಂತಿತು. ನಾನು ಬಗ್ಗಿ ಆ ತುಟಿಗೆ ಬಾಯಿಡಹೋದೆ. ನರ್ಸಮ್ಮ ಭುಜ ಹಿಡಿದು ಹಿಂದಕ್ಕೆಳೆದರು, ಬಾಯಿ ಹಚ್ಚಬೇಡ ಎಂದರು. ಅವನು ಕೊಟ್ಟ ಉಸಿರಿನಲ್ಲೇ ಇವತ್ತಿಗೂ ಬದುಕಿದ್ದೇನೆ. ಒಂದುಸಿರನ್ನೂ ಅವನಿಗೆ ಹಿಂದಿರುಗಿಸಲಾಗಲಿಲ್ಲ.