ಸುಬ್ರಾಯಣ್ಣ ಕೊಟ್ಟ ಗಂಟೆ

ಕೋವಿಗುಂಡಿನ ಅಚ್ಚಿಗೆ ಕಾಡಿಗೆ ಹಚ್ಚುವವರನ್ನು ನಾನು ಕಂಡದ್ದು ಒಬ್ಬರನ್ನೇ, ಅಂಕೋಲೆಯ ಬೊಬ್ರುವಾಡದ ಸುಬ್ರಾಯಣ್ಣನನ್ನು. ಇಕ್ಕಳದಂತೆ ಬಾಯಿ ತೆರೆಯುವ ಹಿತ್ತಾಳೆ ಅಚ್ಚನ್ನು ಹರಳೆಣ್ಣೆ ದೀಪದ ಮೇಲೆ ಹಿಡಿದು, ಒಳಗಿನ ಕುಳಿಗಳಿಗೆಲ್ಲ ಮಸಿ ಕೂರುವವರೆಗೆ ತಿರುಗಿಸುತ್ತಿದ್ದರು. “ಕೂಸಿಗೆ ಹಚ್ದಂಗೆ ಹಚ್ಚೂದು ತಂಗಿ. ಇಲ್ದಿದ್ರೆ ಗುಂಡು ಅಚ್ಚು ಬಿಟ್ಟು ಬರೂದಿಲ್ಲ,” ಎನ್ನುತ್ತಿದ್ದರು. ಅವರಿಗೆ ಬಹುವಚನ ಕೊಟ್ಟೇ ಬರೆಯುತ್ತಿದ್ದೇನೆ. ಏನು ಮಾಡುವುದು, ನಾಲಿಗೆಗೆ ರೂಢಿಯಾಗಿ ಹೋಗಿದೆ.

ಗದ್ದೆಗೆ ಹಂದಿ ನುಗ್ಗುವ ನಮ್ಮ ಕಡೆ ಲೈಸೆನ್ಸಿನ ಕೇಪಿನ ಕೋವಿಯೂ ಅದರ ಗುಂಡು ಎರೆಯುವ ಅಚ್ಚೂ ಮನೆತನದ ಸೊತ್ತು. ಸುಬ್ರಾಯಣ್ಣನಿಗೆ ಹಳೆಯ ಅಚ್ಚೆಂದರೆ ಹುಚ್ಚು. ನಾಲ್ಕು ಕುಳಿಯದ್ದು, ಆರು ಕುಳಿಯದ್ದು ಎಲ್ಲಿದೆ ಎಂದರೆ ಅಲ್ಲಿಗೆ ಅವರ ಸೈಕಲ್ಲು. ಅಂಗಳದ ಒಲೆಯ ಮೇಲೆ ಹರಿದ ಬಲೆಯ ಸೀಸದ ಮಣಿ ಕರಗಿಸಿ, ಒಣಕಡ್ಡಿ ಅದ್ದಿ ನೋಡುವರು. ಕಡ್ಡಿ ಕಂದಿದರೆ ಹದ ಬಂತು. ಹೊಯ್ಯುವಾಗ ಯಾರೂ ಉಸಿರೆತ್ತಕೂಡದು. ಮೊದಲ ಸುತ್ತಿನ ಗುಂಡುಗಳು ಸುಕ್ಕಾಗಿ ಬರುತ್ತಿದ್ದವು. ಅವನ್ನು ಮತ್ತೆ ಸೌಟಿಗೆ ಹಾಕಿ, “ಅಚ್ಚಿಗೆ ಇನ್ನೂ ನಮ್ಮ ಗುರ್ತು ಸಿಕ್ಲಿಲ್ಲ,” ಎಂದು ನಗುವರು. ಅಂಕೋಲೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ರಜೆಯ ದಿನ ನಾನು ಅಲ್ಲೇ ಹೋಗಿ ಕೂರುತ್ತಿದ್ದೆ. ಅಪ್ಪನನ್ನು ಬೇಗ ಕಳೆದುಕೊಂಡ ನನಗೆ ಆ ಅಂಗಳ ಬಹಳ ಹಿಡಿಸಿತ್ತು.

ಚೆಂಡಿಯಾ ಊರಿನ ನಮ್ಮ ಜಾಗ ನೌಕಾನೆಲೆಗೆ ಹೋಗಿ, ಗದ್ದೆಯಿಲ್ಲದ ಪುನರ್ವಸತಿ ಕಾಲನಿಗೆ ಬಂದಾಗ ಜನ ಕೋವಿಗಳನ್ನು ಠಾಣೆಗೆ ಒಪ್ಪಿಸಿದರು. ಅಚ್ಚುಗಳು ಉಳಿದವು. ಕೋವಿಯೇ ಇಲ್ಲದವರಿಗೆ ಗುಂಡಿನ ಅಚ್ಚು ಯಾಕೆಂದು ಪೊಲೀಸರು ಕೇಳಿಯಾರು ಎಂಬ ಅಳುಕು ಎಲ್ಲರಿಗೂ. ಆಗ ಸುಬ್ರಾಯಣ್ಣ ಬಂದರು.

“ನಂಗೆ ಲೈಸೆನ್ಸ್ ಅದೆ. ನನ್ನ ಹತ್ರ ಇರ್ಲಿ ಅಕ್ಕಾ. ಕೇಳ್ದ ದಿನ ಕೈಮೇಲೆ ಇಡ್ತೆ.”

ಉಳಿದ ಮನೆಯವರಂತೆ ನನ್ನ ಹೆತ್ತ ಆಯಿಯೂ ತನ್ನ ಅಪ್ಪನ ಆರು ಕುಳಿಯ ಅಚ್ಚನ್ನು ಹಳೆ ಸೀರೆಯ ತುಂಡಿನಲ್ಲಿ ಕಟ್ಟಿ ಕೊಟ್ಟಳು. ಅದರ ಹಿಡಿಕೆಗೆ ಅಜ್ಜ ಸುತ್ತಿದ್ದ ಬೆತ್ತ ಹಾಗೇ ಇತ್ತು. ತವರಿನಿಂದ ಅವಳಿಗೆ ಉಳಿದದ್ದು ಅದೊಂದೇ.

ಕೆಲವು ವರ್ಷಗಳ ಮೇಲೆ ಕಾಲನಿಯ ಹೊಸ ಗುಡಿಗೆ ಸುಬ್ರಾಯಣ್ಣ ಒಂದು ಗಂಟೆ ಕೊಟ್ಟರು. ಅಬ್ಬಾ, ಎಂಥ ನಾದ! ಅದರ ಮೈಮೇಲೆ ಅವರ ಹೆಸರು, ಕೆಳಗೆ ‘ಸೇವೆ’ ಎಂದು ಕೆತ್ತಿತ್ತು. ಶಾಲು ಹೊದಿಸಿದೆವು. ಆಯಿ ಆರತಿ ಎತ್ತಿದಳು. ಮೈಕಿನ ಮುಂದೆ ನಿಂತು ಅವರನ್ನು ಬಾಯಿತುಂಬ ಹೊಗಳಿದವಳು ನಾನೇ.

ಆಮೇಲೆ ನನ್ನ ತಮ್ಮ ಹಟ್ಟಿಕೇರಿಯಲ್ಲಿ ಗದ್ದೆ ಕೊಂಡು ಮನೆ ಕಟ್ಟಿದ. ಒಕ್ಕಲಾಗುವ ದಿನ ಅಜ್ಜನ ಅಚ್ಚು ದೇವರ ಮುಂದೆ ಇರಬೇಕೆಂದು ಆಯಿಯ ಹಟ. ಆಯಿಯೂ ನಾನೂ ಬೊಬ್ರುವಾಡಕ್ಕೆ ಹೋದೆವು. ಸುಬ್ರಾಯಣ್ಣ ಪೆಟ್ಟಿಗೆಯನ್ನು ತಾವೇ ತಂದು ಜಗಲಿಯ ಮೇಲಿಟ್ಟರು. ಒಳಗೆ ಬರೀ ಕಬ್ಬಿಣದ ಹಿಡಿಕೆಗಳು! ಒಂದೊಂದೂ ಅದರ ಮನೆಯವರು ಕಟ್ಟಿಕೊಟ್ಟ ಬಟ್ಟೆಯಲ್ಲೇ ಇತ್ತು. ಆಯಿಯ ಸೀರೆಯ ತುಂಡಿನಲ್ಲಿ ಬೆತ್ತ ಸುತ್ತಿದ ಹಿಡಿಕೆ.

“ಹಿತ್ತಾಳೆ ದೇವ್ರಿಗೆ ಹೋಯ್ತು ಅಕ್ಕಾ. ದಿನಾ ಕೇಳ್ತೀರಲ್ಲ ಗಂಟೆ, ಅದೇಯ,” ಎಂದರು. ಮುಖದಲ್ಲಿ ಒಂದು ಗೆರೆಯಾದರೂ ಅಲುಗಲಿಲ್ಲ.

“ಒಂದು ಮಾತು ಕೇಳೂಕೆ ಆಗ್ಲಿಲ್ವಾ ಸುಬ್ರಾಯಣ್ಣ?” ಎಂದೆ.

“ಕೇಳಿದ್ರೆ ಕೊಡ್ತಿದ್ರಾ?”

“ದೇವ್ರಿಗೆ ಅಂದಿದ್ರೆ ಕೊಡ್ತಿದ್ದೆ,” ಎಂದಳು ಆಯಿ.

ಅವರು ಒಲೆಯ ಕಡೆ ನೋಡಿದರು. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಎನ್ನುತ್ತಾರಲ್ಲ, ಹಾಗಾಯಿತು ನಮ್ಮ ಕಥೆ. ಕದ್ದು ಮಾರಿದ್ದರೆ ಕಳ್ಳ ಎಂದು ಬೈದು ಸುಮ್ಮನಾಗಬಹುದಿತ್ತು. ನಮ್ಮದನ್ನೇ ಕರಗಿಸಿ ನಮ್ಮಿಂದಲೇ ಆರತಿ ಎತ್ತಿಸಿಕೊಂಡರಲ್ಲ, ಅದನ್ನು ನುಂಗಿಕೊಳ್ಳಲು ನನಗೆ ಇಂದಿಗೂ ಆಗಿಲ್ಲ. ಅವರನ್ನು ಅಷ್ಟು ನಂಬಿದ್ದೆ.

ಅಂದಿನಿಂದ ಆಯಿ ಗುಡಿಗೆ ಹೋಗುತ್ತಾಳೆ, ಗಂಟೆ ಮುಟ್ಟುವುದಿಲ್ಲ. “ನಾ ಹೊಡದ್ರೆ ಪುಣ್ಯ ಅವಂಗೆ ಹೋಗ್ತದೆ. ಬ್ಯಾಡ,” ಎನ್ನುತ್ತಾಳೆ.

ಸುಬ್ರಾಯಣ್ಣ ಹಾಸಿಗೆ ಹಿಡಿದರೆಂದು ತಿಳಿದಾಗ, ಸಿಟ್ಟಿದ್ದರೂ ಮನಸ್ಸು ತಡೆಯದೆ ಹೋದೆ. ನನ್ನ ಕೈ ಹಿಡಿದುಕೊಂಡು, “ತಂಗಿ, ಗುಡಿಗೆ ಹೋದಾಗ ನನ್ನ ಹೆಸ್ರಲ್ಲಿ ಒಂದ್ಸಲ ಗಂಟೆ ಹೊಡಿ,” ಎಂದರು. ಹ್ಞೂಂ ಎಂದೆ. ಆ ಮಳೆಗಾಲದಲ್ಲೇ ಅವರು ತೀರಿಕೊಂಡರು.

ಸುದ್ದಿ ಬಂದ ದಿನ ಗುಡಿಗೆ ಹೋಗಿ ಗಂಟೆಯ ಕೆಳಗೆ ನಿಂತೆ. ಕೈ ಮೇಲೆತ್ತಿದೆ. ಕೆತ್ತಿದ ಹೆಸರು ಕಣ್ಣಿಗೆ ಬಿತ್ತು. ಕೇಳಿದ ದಿನ ಕೈಮೇಲೆ ಇಡುತ್ತೇನೆಂದು ಅವರೂ ಮಾತು ಕೊಟ್ಟಿದ್ದರು. ಕೈ ಇಳಿಸಿ ಒಳಗೆ ಹೋದೆ.